ಮೆದೆಯಾ ದಾರಿಯಲ್ಲಿ

ಅಲ್ಜೀರಿಯಾದ ರಾಜಧಾನಿ ಅಲ್ಜೀರ್ಸ್‌ನಿಂದ ದಕ್ಷಿಣದ ಮೆದೆಯಾ ಪಟ್ಟಣದತ್ತ ಹೊರಟ ನಮ್ಮ ಟ್ಯಾಕ್ಸಿ ಬ್ಲಿದಾ ದಾಟಿ ಶಿಫಾ ಕಣಿವೆಯನ್ನು ಹೊಕ್ಕಾಗ, ರಸ್ತೆಬದಿಯ ಗೋಡೆಯ ಮೇಲೆ ಸಾಲಾಗಿ ಕುಳಿತ ಕೋತಿಗಳು ಬ್ರೆಡ್ಡಿನ ತುಂಡಿಗಾಗಿ ಕಾಯುತ್ತಿದ್ದವು. ತೊಂಬತ್ತರ ದಶಕದಲ್ಲಿ ಈ ಸೀಮೆಗೆ ‘ಸಾವಿನ ತ್ರಿಕೋನ’ ಎಂಬ ಹೆಸರಿತ್ತು. ಆಗ ಯುವಕರಾಗಿದ್ದ ನಮ್ಮ ಚಾಲಕರು ‘ಫೋ ಬರಾಜ್’ ಎಂಬ ಫ್ರೆಂಚ್ ಮಾತನ್ನು ಮೂರು ನಾಲ್ಕು ಸಲ ಬಳಸಿದರು: ಸೈನಿಕರ ವೇಷ ತೊಟ್ಟ ಉಗ್ರರು ಹಾಕುತ್ತಿದ್ದ ಸುಳ್ಳು ತಪಾಸಣಾ ಠಾಣೆ. ಸಮವಸ್ತ್ರವನ್ನು ನಂಬುವಂತಿರಲಿಲ್ಲ, ಕಾಲಿಗೆ ಬೂಟಿದೆಯೋ ಕ್ಯಾನ್ವಾಸ್ ಶೂ ಇದೆಯೋ ನೋಡಬೇಕಿತ್ತು, ಅದು ಕಾಣುವಷ್ಟು ಹತ್ತಿರ ಹೋದ ಮೇಲೆ ನೋಡಿ ಪ್ರಯೋಜನವೇನು ಎಂದು ಅವರು ನಕ್ಕರು.

1991ರ ಡಿಸೆಂಬರಿನಲ್ಲಿ ನಡೆದ ಮೊದಲ ಸುತ್ತಿನ ಚುನಾವಣೆಯಲ್ಲಿ ಇಸ್ಲಾಮಿಕ್ ಸಾಲ್ವೇಶನ್ ಫ್ರಂಟ್ ಎಂಬ ಪಕ್ಷ ಮುನ್ನಡೆ ಪಡೆದಾಗ, ಮುಂದಿನ ತಿಂಗಳೇ ಸೇನೆ ಮಧ್ಯೆ ಬಂದು ಎರಡನೆಯ ಸುತ್ತನ್ನು ರದ್ದುಪಡಿಸಿತು. ಆ ಬಳಿಕ ಹುಟ್ಟಿಕೊಂಡ ಹಲವು ಸಶಸ್ತ್ರ ಗುಂಪುಗಳಲ್ಲಿ ಅತ್ಯಂತ ಕ್ರೂರವಾದದ್ದು ಜಿಐಎ, ಅಂದರೆ ಸಶಸ್ತ್ರ ಇಸ್ಲಾಮಿಕ್ ಗುಂಪು. ಅದು ಸೈನಿಕರನ್ನಷ್ಟೇ ಅಲ್ಲದೆ ಪತ್ರಕರ್ತರನ್ನು, ಶಾಲಾ ಶಿಕ್ಷಕರನ್ನು, ವಿದೇಶಿಯರನ್ನು, ಕೊನೆಕೊನೆಗೆ ಹಳ್ಳಿಗಳ ಬಡ ಮುಸಲ್ಮಾನರನ್ನೇ ಕೊಂದಿತು. ಆ ಇಡೀ ಯುದ್ಧದಲ್ಲಿ ಸತ್ತವರು ಒಂದೂವರೆ ಲಕ್ಷದಿಂದ ಎರಡು ಲಕ್ಷವೆಂಬ ಅಂದಾಜುಗಳಿವೆ.

ಮೆದೆಯಾದಿಂದ ಕೆಲವೇ ಕಿಲೋಮೀಟರ್ ದೂರದ ತಿಬ್ಹಿರಿನ್ ಮಠ ಬೆಟ್ಟದ ಇಳಿಜಾರಿನಲ್ಲಿದೆ. ಸುತ್ತ ಸೇಬಿನ ತೋಟ, ಕೆಳಗೆ ಹಳ್ಳಿ. ಇಲ್ಲಿದ್ದವರು ಟ್ರಾಪಿಸ್ಟ್ ಎಂಬ ಕ್ಯಾಥೊಲಿಕ್ ಪಂಥಕ್ಕೆ ಸೇರಿದ ಫ್ರಾನ್ಸಿನ ಸನ್ಯಾಸಿಗಳು. ಮತಾಂತರದ ಉದ್ದೇಶ ಅವರಿಗಿರಲಿಲ್ಲ. ಹಳ್ಳಿಯವರಿಗೆ ನಮಾಜಿಗೆಂದು ಮಠದ ಕೋಣೆಯೊಂದನ್ನೇ ಬಿಟ್ಟುಕೊಟ್ಟಿದ್ದರು. ನಾನು ಹೆಚ್ಚು ಹೊತ್ತು ನಿಂತದ್ದು ವೈದ್ಯ ಸನ್ಯಾಸಿ ಲೂಕ್ ಅವರ ಔಷಧಾಲಯವಿದ್ದ ಜಾಗದಲ್ಲಿ. 1946ರಲ್ಲಿ ಬಂದವರು ಐವತ್ತು ವರ್ಷ ಹಣ ಪಡೆಯದೆ ರೋಗಿಗಳನ್ನು ನೋಡಿದರು. ಫ್ರಾನ್ಸಿನ ವಿರುದ್ಧದ ಸ್ವಾತಂತ್ರ್ಯ ಸಮರದ ಕಾಲದಲ್ಲಿ, 1959ರಲ್ಲಿ, ಹೋರಾಟಗಾರರು ಅವರನ್ನು ಅಪಹರಿಸಿ ಬಿಟ್ಟುಬಿಟ್ಟಿದ್ದರು. ಹಾಗಿದ್ದೂ ಅವರು ಇಲ್ಲಿಗೇ ಮರಳಿದರು.

1993ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಜಿಐಎ ನಾಯಕ ಸಯ್ಯಾ ಅತ್ತಿಯಾ ಬಂದೂಕುಧಾರಿಗಳೊಡನೆ ಮಠಕ್ಕೆ ನುಗ್ಗಿ ವೈದ್ಯರನ್ನು, ಔಷಧಿಯನ್ನು, ಹಣವನ್ನು ಕೇಳಿದ. ಅದಕ್ಕೆ ಹತ್ತು ದಿನ ಮೊದಲಷ್ಟೇ ಹತ್ತಿರದ ತಮೆಸ್‌ಗಿದಾದಲ್ಲಿ ಕ್ರೊಯೇಷಿಯಾದ 12 ಕಾರ್ಮಿಕರ ಕತ್ತು ಕೊಯ್ಯಲಾಗಿತ್ತು. ಮಠಾಧಿಪತಿ ಕ್ರಿಸ್ತಿಯಾನ್ ದ ಶೆರ್ಜೆ, ಶಾಂತಿಯ ರಾಜ ಹುಟ್ಟಿದ ಹಬ್ಬ ಇದು, ಈ ಮನೆಯೊಳಗೆ ಆಯುಧ ಬರಬಾರದು ಎಂದರು. ಅತ್ತಿಯಾ ಹೊರಟುಹೋದ. ಆತನಲ್ಲಿ ಉಳಿದಿದ್ದ ಆ ಸಂಕೋಚ ಅವನ ನಂತರದವರಲ್ಲಿ ಉಳಿಯಲಿಲ್ಲ.

1996ರ ಮಾರ್ಚ್ 27ರ ನಸುಕಿಗೂ ಮೊದಲು ಬಂದವರು ಏಳು ಸನ್ಯಾಸಿಗಳನ್ನು ಕರೆದೊಯ್ದರು. ಒಳಗಿದ್ದ ಇನ್ನಿಬ್ಬರು ಅವರ ಕಣ್ಣಿಗೆ ಬೀಳಲಿಲ್ಲ. ಜೈಲಿನಲ್ಲಿದ್ದ ತಮ್ಮವರ ಬಿಡುಗಡೆಯನ್ನು ಕೇಳಿದ ಜಿಐಎ, ಕೊನೆಗೆ ಮೇ 21ರಂದು ಕೊಂದೆವೆಂದು ಪ್ರಕಟಿಸಿತು. ಮೇ 30ರಂದು ಮೆದೆಯಾ ಬಳಿ ಸಿಕ್ಕಿದ್ದು ತಲೆಗಳು ಮಾತ್ರ. ತೋಟದ ಮರಗಳ ಕೆಳಗಿನ ಏಳು ಸಣ್ಣ ಕಲ್ಲುಗಳ ಅಡಿಯಲ್ಲಿ ಅವಷ್ಟೇ ಇವೆ. ದೇಹಗಳು ಎಲ್ಲಿವೆಯೋ ಇಂದಿಗೂ ಪತ್ತೆಯಿಲ್ಲ. ಆದರೆ ಅಲ್ಜೀರಿಯಾ ಸೇನೆಯ ಹೆಲಿಕಾಪ್ಟರೇ ತಪ್ಪಿ ಸನ್ಯಾಸಿಗಳ ಮೇಲೆ ಗುಂಡು ಹಾರಿಸಿತ್ತೆಂದು ಫ್ರಾನ್ಸಿನ ನಿವೃತ್ತ ಸೇನಾಧಿಕಾರಿಯೊಬ್ಬರು 2009ರಲ್ಲಿ ಹೇಳಿಕೆ ಕೊಟ್ಟರು. 2014ರಲ್ಲಿ ಫ್ರೆಂಚ್ ನ್ಯಾಯಾಧೀಶರೊಬ್ಬರ ಸಮ್ಮುಖದಲ್ಲಿ ಈ ಸಮಾಧಿಗಳನ್ನು ಅಗೆದು ಪರೀಕ್ಷಿಸಲಾಯಿತು. ಸಂಶಯ ಮಾತ್ರ ತೀರಲಿಲ್ಲ.

ಹಿಂದಿರುಗುವಾಗ ಚಾಲಕರನ್ನು ನೇರವಾಗಿ ಕೇಳಿದೆ: ನಿಮ್ಮ ಪ್ರಕಾರ ಕೊಂದವರು ಯಾರು? ಅವರು ರೇಡಿಯೋದ ಸದ್ದು ಹೆಚ್ಚಿಸಿದರು. ಬೆಟ್ಟ ಹತ್ತುವಾಗ ಅಷ್ಟು ಮಾತಾಡಿದ್ದವರು ಹೀಗೇಕೆ ಎಂದು ಬೇಸರವಾಯಿತು. ನನ್ನ ಪ್ರಶ್ನೆಯೇ ಅವಿವೇಕದ್ದೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಇಲ್ಲಿ ಆ ಯುದ್ಧದ ಅಧಿಕೃತ ಹೆಸರು ‘ರಾಷ್ಟ್ರೀಯ ದುರಂತ’. ಆ ಗಾಯವನ್ನು ಕೆದಕಿ ಸರ್ಕಾರಿ ಸಂಸ್ಥೆಗಳಿಗೆ ಕಳಂಕ ತಂದವರಿಗೆ 2006ರ ಆದೇಶದ ಪ್ರಕಾರ ಮೂರರಿಂದ ಐದು ವರ್ಷ ಜೈಲು. ಅದೇ ಆದೇಶ ಶರಣಾದ ಬಹುಪಾಲು ಉಗ್ರರಿಗೆ ಕ್ಷಮೆ ಕೊಟ್ಟಿತು, ಭದ್ರತಾ ಪಡೆಗಳ ಮೇಲಿನ ದೂರುಗಳಿಗೆ ಕೋರ್ಟಿನ ಬಾಗಿಲು ಮುಚ್ಚಿತು.

ಕತ್ತಲಾಗುತ್ತಿದ್ದಂತೆ ಕಣಿವೆಯ ಕೆಳಗೆ ತಪಾಸಣಾ ಠಾಣೆ ಕಂಡಿತು. ಚಾಲಕರು ವೇಗ ತಗ್ಗಿಸಿ, ಹೆಡ್‌ಲೈಟ್ ಆರಿಸಿ, ನಮ್ಮ ಮುಖ ಕಾಣಲೆಂದು ಕಾರಿನ ಒಳದೀಪ ಹಾಕಿದರು. ಹುಡುಗನಂತಿದ್ದ ಸೈನಿಕ ಬಗ್ಗಿ ನೋಡಿ ಹೋಗಿ ಎಂದು ಕೈ ಬೀಸಿದ. ಅಷ್ಟರಲ್ಲಿ ನನ್ನ ಕಣ್ಣು ಅವನ ಕಾಲಿನತ್ತ ಹೋಗಿತ್ತು.