ತುಂಡಿನ ಮೇಲೆ ಚೆನ್ನಾಗಿಯೇ ಬರುತ್ತಿತ್ತು

ಮಷಿನ್ ಹೊಲಿಗೆ ಬಿಡುತ್ತಿದೆ ಅಂದರೆ ಮೊದಲು ಬೈಸಿಕೊಳ್ಳುವುದು ಸೂಜಿ. ಆಮೇಲೆ ದಾರ. ಆಮೇಲೆ ಚರ್ಮ ಅಂಟಿಸುವ ಸೊಲ್ಯೂಷನ್. ಮುಂಬೈ ಧಾರಾವಿಯ ನಮ್ಮ ಚರ್ಮದ ಬ್ಯಾಗ್ ವರ್ಕ್‌ಶಾಪಿನಲ್ಲಿ ಆ ಜುಲೈ ಸಂಜೆ ನಾನು ಇದೇ ಸಾಲಿನಲ್ಲಿ ಎಲ್ಲವನ್ನೂ ಬೈದು ಮುಗಿಸಿದೆ. ಪಾಪ, ಒಂದರದ್ದೂ ತಪ್ಪಿರಲಿಲ್ಲ.

ನಾನು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದುಕೊಂಡಿದ್ದವನು. ಅಲ್ಲಿನ ಸಿಂಗಲ್ ನೀಡಲ್ ನಿಮಿಷಕ್ಕೆ 5,000 ಹೊಲಿಗೆ ಓಡುತ್ತದೆ. ಇಲ್ಲಿ ನನಗೆ ಕೊಟ್ಟಿದ್ದು ಜೂಕಿ 1541, ವಾಕಿಂಗ್ ಫುಟ್ ಮಷಿನ್. ಅಂದರೆ ಚರ್ಮವನ್ನು ಮೇಲಿಂದ ಒತ್ತಿ ಹಿಡಿಯುವ ಫುಟ್ ಕೂಡ ಹೆಜ್ಜೆ ಹಾಕಿ ಮಾಲನ್ನು ಮುಂದೆ ಸರಿಸುವಂಥದ್ದು. ಇದರ ಗರಿಷ್ಠ ಸ್ಪೀಡೇ 2,500. ಅರ್ಧ ಸ್ಪೀಡಿನ ಮಷಿನ್, ಇದರಲ್ಲಿ ಕಲಿಯುವುದು ಏನಿದೆ ಅಂದುಕೊಂಡೇ ಕೂತಿದ್ದೆ. ಆದರೆ ಅದಕ್ಕೆ ಇರುವುದು ಹಳೇ ಕ್ಲಚ್ ಮೋಟರ್. ಪೆಡಲ್‌ಗೆ ಕಾಲು ತಾಗಿದ್ದೇ ತಡ, ನಾಲ್ಕು ಇಂಚು ಮುಂದೆ ಹೋಗಿ ನಿಲ್ಲುತ್ತದೆ. ಕಾಲಿನ ಹಿಡಿತಕ್ಕೆ ನಿಧಾನಕ್ಕೂ ಓಡುವ ಸರ್ವೋ ಮೋಟರ್ ಹಾಕಿಸಿ ಅಂದರೆ ಮಾಲೀಕರಾದ ಸೇಠ್ ಮೊಬೈಲ್ ತೆಗೆದು ನೋಡುತ್ತಾ ಹೊರಗೆ ಹೋಗಿಬಿಡುತ್ತಾರೆ.

ಕಲಿಸಿದ್ದು ಕಾಕಾ. ಕಲಬುರಗಿ ಕಡೆಯವರು, ಧಾರಾವಿಯಲ್ಲೇ ತಲೆ ಬೆಳ್ಳಗಾದವರು. ಮೊದಲು ದಾರ ಇಲ್ಲದೆ ರಟ್ಟಿನ ಮೇಲೆ ಗೆರೆ ಹಿಡಿದು ಓಡಿಸುವುದು. ಆಮೇಲೆ ಮೂಲೆ ತಿರುಗಿಸುವುದು. ಸೂಜಿ ಪೂರ್ತಿ ಕೆಳಗಿದ್ದಾಗ ತಿರುಗಿಸಿದರೆ ಮೂಲೆಯಲ್ಲಿ ಒಂದು ಹೊಲಿಗೆ ಹೋಯಿತು ಅಂತಲೇ ಲೆಕ್ಕ. ಕೆಳಗೆ ಹೋದ ಸೂಜಿ ಸ್ವಲ್ಪ ಮೇಲೇಳಬೇಕು, ಪ್ಲೇಟಿನ ಕೆಳಗೆ ತಿರುಗುವ ಹುಕ್ ದಾರ ಹಿಡಿದಿರಬೇಕು, ಆಗ ತಿರುಗಿಸಬೇಕು. ಗಾರ್ಮೆಂಟ್ಸ್‌ನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬಟ್ಟೆಯಲ್ಲಿ ತಪ್ಪಿದರೆ ಬಿಚ್ಚಿ, ಇಸ್ತ್ರಿ ಎಳೆದು, ಮತ್ತೆ ಹೊಲಿಯುತ್ತಿದ್ದೆವು. ಚರ್ಮದಲ್ಲಿ ಬಿದ್ದ ತೂತು ತೂತೇ. ಹೊಲಿಗೆ ಚಿಕ್ಕದಿದ್ದರೆ ಗಟ್ಟಿ ಅಂತ ನಂಬಿಕೊಂಡು ಬಂದವನು ನಾನು. ಇಲ್ಲಿ ಹೊಲಿಗೆ ಜಾಸ್ತಿ ಒತ್ತಾದರೆ ಕ್ಯಾಲೆಂಡರ್ ಹಾಳೆಯ ಹಾಗೆ ಆ ಸಾಲಿನುದ್ದಕ್ಕೂ ಹರಿದು ಬರುತ್ತದೆ.

ಆ ಸಲದ ಆರ್ಡರ್ ಟೋಟ್ ಬ್ಯಾಗ್. ಆಡಿನ ನಾಪಾ ಅನ್ನುವ ಮೆತ್ತನೆ ಚರ್ಮ, ಇಟ್ಟಿಗೆ ಬಣ್ಣ, ಚೆನ್ನೈನಿಂದ ಬಂದ ಮಾಲು. ಮಹಾರಾಷ್ಟ್ರದಲ್ಲಿ 2015ರಲ್ಲಿ ಎತ್ತು, ಹೋರಿಗಳನ್ನೂ ಕಡಿಯಬಾರದು ಅಂತ ಕಾನೂನು ಬಂದ ಮೇಲೆ ಇಲ್ಲಿನ ಚರ್ಮದ ವ್ಯಾಪಾರಕ್ಕೆ ದೊಡ್ಡ ಹೊಡೆತ ಬಿತ್ತು. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಹೊರಗಿನ ಮಾಲೇ. ಒಂದು ಲಾಟಿನ ಬಣ್ಣ ಇನ್ನೊಂದು ಲಾಟಿಗೆ ಕೂಡುವುದಿಲ್ಲ. ಅಂದರೆ ಒಂದು ಪ್ಯಾನೆಲ್ ಹಾಳಾದರೆ ಅದೇ ಬಣ್ಣದ ಇನ್ನೊಂದು ಇಲ್ಲ. ಸೇಠ್ ಚದರಡಿ ಲೆಕ್ಕ ಹಾಕಿ ತರಿಸುವ ರೀತಿಗೆ ಕತ್ತರಿಸಿ ಉಳಿಯುವುದು ಬೀಗದ ಕೈಗೆ ಕಟ್ಟುವಷ್ಟು ಮಾತ್ರ.

ಆ ದಿನ ಬೆಳಿಗ್ಗೆ ಪಾಕೆಟ್ ಹೊಲಿಯುವಾಗ ಚರ್ಮದ ಮೇಲೆ ಫುಟ್‌ನ ಮಾರ್ಕ್ ಬಂತು. ನಾಪಾ ಮೆತ್ತಗೆ, ಫುಟ್‌ನ ಅಡಿಯ ಹಲ್ಲು ಅಚ್ಚಾಗಿ ಕೂರುತ್ತದೆ. ಸೇಠ್ ಬೆರಳಲ್ಲಿ ಸವರಿ ನೋಡಿ, "ಇದು ಆರ್ಡರ್ ಕೊಟ್ಟ ಪಾರ್ಟಿ ಕಣ್ಣಿಗೆ ಬಿದ್ರೆ ವಾಪಸ್" ಅಂದರು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೇಲಿನ ಸ್ಕ್ರೂ ಸಡಿಲ ಮಾಡಿ ಫುಟ್‌ನ ಒತ್ತಡ ಇಳಿಸಿದೆ. ಮಾರ್ಕ್ ಹೋಯಿತು. ಪಾಕೆಟ್ ಎಲ್ಲಾ ನೀಟಾಗಿ ಬಂತು. ಸ್ಕ್ರೂ ವಿಷಯ ಅಲ್ಲಿಗೇ ಮರೆತೆ.

ಸಂಜೆ ಹ್ಯಾಂಡಲ್ ಜೋಡಿಸುವ ಕೆಲಸ. ಬಾಡಿಯ ಮಡಚಿದ ಅಂಚು, ಹ್ಯಾಂಡಲ್, ಒಳಗೆ ಪಟ್ಟಿ, ಅಸ್ತರ್. ಎಲ್ಲಾ ಸೇರುವ ಜಾಗ. ಚೌಕ ಹೊಲಿದು ನಡುವೆ ಅಡ್ಡ ಹಾಕಬೇಕು. ಮೊದಲ ಚೌಕದಲ್ಲೇ ಎರಡು ಹೊಲಿಗೆ ಬಿಟ್ಟಿತು. ತೂತು ಇದೆ, ದಾರ ಮೇಲೆ ಉದ್ದಕ್ಕೆ ಮಲಗಿದೆ. ಮಾರನೇ ದಿನ ಬೆಳಿಗ್ಗೆ ಟೆಂಪೋ. ಆಗಲೇ ಕತ್ತಲಾಗಿತ್ತು, 90 ಫೀಟ್ ರೋಡಿನಲ್ಲಿ ಮಳೆ ನೀರು ನಿಂತು ಮಿಸ್ತ್ರಿ ಬರುವುದಿಲ್ಲ ಅಂದಿದ್ದ.

ಸೂಜಿ ಬದಲಿಸಿದೆ. ಈ ಮಷಿನ್‌ಗೆ ಹಾಕುವ ಡಿಪಿ 17 ಜಾತಿಯ ಹೊಸ ಸೂಜಿ, ದಪ್ಪ ಅದೇ 20 ನಂಬರ್. ಉಳಿದ ತುಂಡಿನ ಮೇಲೆ ಓಡಿಸಿ ನೋಡಿದೆ, ಚೆನ್ನಾಗಿಯೇ ಬಂತು. ಬ್ಯಾಗ್ ಮೇಲೆ ಮತ್ತೆ ಬಿಟ್ಟಿತು. ಸೊಲ್ಯೂಷನ್ ಒಣಗಿಲ್ಲ, ಸೂಜಿಗೆ ಮೆತ್ತಿಕೊಳ್ಳುತ್ತಿದೆ ಅಂದುಕೊಂಡೆ. ಮಳೆಗಾಲದಲ್ಲಿ ಅದು ಆಗುವುದುಂಟು. ಫ್ಯಾನಿನ ಕೆಳಗೆ ಇಟ್ಟು ಕಾದೆ, ಸೂಜಿ ಒರೆಸಿದೆ. ತುಂಡಿನ ಮೇಲೆ ಚೆನ್ನಾಗಿತ್ತು. ಬ್ಯಾಗ್ ಮೇಲೆ ಮತ್ತೆ ಅದೇ. ಬಾಬಿನ್ ತೆಗೆದು ಟೆನ್ಷನ್ ನೋಡಿದೆ, ದಾರದ ಕೋನ್ ಬದಲಿಸಿದೆ. ತುಂಡು ಪಾಸ್, ಬ್ಯಾಗ್ ಫೇಲ್.

ಅಲ್ಲೇ ನಾನು ನಿಲ್ಲಬೇಕಿತ್ತು. ತುಂಡಿನ ಮೇಲೆ ಬರುತ್ತದೆ, ಬ್ಯಾಗ್ ಮೇಲೆ ಬರುವುದಿಲ್ಲ ಅಂದರೆ ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳಿಕೊಳ್ಳಬೇಕು ಅಲ್ವಾ? ನಾನು ಕೇಳಿಕೊಳ್ಳಲಿಲ್ಲ. ಪ್ರತಿ ಸಲ ತುಂಡು ಪಾಸಾದಾಗ ಧೈರ್ಯ ಬರುತ್ತಿತ್ತು, ಆ ಧೈರ್ಯದಲ್ಲಿ ಬ್ಯಾಗಿಗೆ ಇನ್ನೊಂದು ಸಾಲು ತೂತು ಬೀಳುತ್ತಿತ್ತು. ಮಧ್ಯೆ ಸೇಠ್ ಎರಡು ಸಲ ಬಂದು "ಆಯ್ತಾ?" ಅಂದು ಹೋದರು. ಆ ಒಂದು ಮಾತಿಗೆ ಕೈ ಇನ್ನೂ ಜೋರಾಗಿ ತಪ್ಪು ಕಡೆಗೇ ಓಡುತ್ತದೆ. ಕೊನೆಗೆ ಟೈಮಿಂಗ್, ಅಂದರೆ ಸೂಜಿಗೂ ಹುಕ್ಕಿಗೂ ಇರುವ ಹೊಂದಾಣಿಕೆ, ಹೋಗಿದೆ ಅಂತ ತೀರ್ಮಾನ ಮಾಡಿ, ಪ್ಲೇಟ್ ತೆಗೆದು, ಹುಕ್ಕಿನ ಸ್ಕ್ರೂಗೆ ಡ್ರೈವರ್ ಇಟ್ಟೆ.

"ಲೇ, ಕೈ ತಗಿ!" ಕಾಕಾ ಊಟದ ಡಬ್ಬಿ ಹಿಡಿದುಕೊಂಡೇ ಎದ್ದು ಬಂದರು. "ಟೈಮಿಂಗ್ ಹೋಗಿದ್ರ ಪಾಕೆಟ್ ಹ್ಯಾಂಗ ಹೊಲದಿ? ತುಂಡು ಹ್ಯಾಂಗ ಬರ್ಲಕತ್ತದ?"

ಪ್ಲೇಟ್ ಮತ್ತೆ ಹಾಕಿಸಿದರು. ಹಾಳಾದ ಆ ಹ್ಯಾಂಡಲ್ ಜಾಗವನ್ನೇ ಫುಟ್ ಕೆಳಗೆ ಇಟ್ಟು, ಮೋಟರ್ ಆಫ್ ಮಾಡಿ, ವ್ಹೀಲನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿದರು. ಅವರು ಸೂಜಿ ನೋಡುತ್ತಿರಲಿಲ್ಲ. ಚರ್ಮ ನೋಡುತ್ತಿದ್ದರು. ಸೂಜಿ ಮೇಲೇಳುವಾಗ ಚರ್ಮವೂ ಅದರ ಜೊತೆಗೆ ಒಂದಿಷ್ಟು ಎದ್ದಿತು.

"ಕಂಡ್ತಿಲ್ಲ? ಚರ್ಮ ಸೂಜಿ ಜೋಡಿ ಎದ್ದು ಬರ್ಲಕತ್ತದ. ಮತ್ತ ಕೆಳಗ ದಾರ ಹ್ಯಾಂಗ ಸಡಿಲ ಆಗ್ತದ? ಹುಕ್ಕಿಗಿ ಏನ್ ಸಿಗ್ತದ?"

ಸಂಗತಿ ಇಷ್ಟೇ. ಸೂಜಿ ಕೆಳಗೆ ಹೋಗಿ ಮೇಲೇಳಲು ಶುರು ಮಾಡಿದಾಗ ಚರ್ಮ ದಾರವನ್ನು ಹಿಡಿದುಕೊಳ್ಳುತ್ತದೆ. ಆಗ ಸೂಜಿಯ ಪಕ್ಕದಲ್ಲಿ ದಾರ ಸಣ್ಣದಾಗಿ ಉಬ್ಬಿ ಕುಣಿಕೆ ಆಗುತ್ತದೆ. ಹುಕ್ಕಿನ ತುದಿ ಹೊಕ್ಕುವುದು ಅದರೊಳಗೆ. ಚರ್ಮವೇ ಸೂಜಿಯ ಜೊತೆ ಎದ್ದರೆ ಕುಣಿಕೆ ಇಲ್ಲ, ಹೊಲಿಗೆಯೂ ಇಲ್ಲ. ದಪ್ಪ ಜಾಗದಲ್ಲಿ ಚರ್ಮ ಸೂಜಿಯನ್ನು ಜಾಸ್ತಿ ಬಿಗಿಯಾಗಿ ಹಿಡಿಯುತ್ತದೆ, ಅಲ್ಲಿ ಫುಟ್ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ನನ್ನ ತುಂಡು ಎರಡೇ ಪದರದ್ದು. ಇಳಿಸಿದ ಒತ್ತಡವೇ ಅದಕ್ಕೆ ಸಾಕಾಗಿತ್ತು.

ಕಾಕಾ ಮೇಲಿನ ಸ್ಕ್ರೂ ಬಿಗಿ ಮಾಡಿದರು. ಚೌಕ ಒಂದೇ ಸಲಕ್ಕೆ ಬಂತು. ಅಷ್ಟೇ ರಿಪೇರಿ. ಉಳಿದ ಬ್ಯಾಗ್‌ಗಳನ್ನು ರಾತ್ರಿಯೇ ಮುಗಿಸಿದೆ. ಸ್ವಲ್ಪವೇ ಕೆಟ್ಟಿದ್ದವಕ್ಕೆ ಹಳೇ ತೂತಿನಲ್ಲೇ ಸೂಜಿ ಬೀಳುವ ಹಾಗೆ ಕೈಯಿಂದ ವ್ಹೀಲ್ ತಿರುಗಿಸುತ್ತಾ ಒಂದೊಂದೇ ಹೊಲಿಗೆ ಹಾಕಿದೆ. ಮೊದಲಿನ ಬ್ಯಾಗ್ ಮಾತ್ರ ಜಾಲರಿ ಆಗಿತ್ತು. ಅದು ಸೆಕೆಂಡ್ಸ್ ಮಾಲಿಗೆ, ಅಂದರೆ ದೋಷ ಇರುವ ಮಾಲಿಗೆ ಹೋಯಿತು, ದುಡ್ಡು ನನ್ನ ಹಫ್ತೆಯಲ್ಲಿ, ವಾರದ ಕೂಲಿಯಲ್ಲಿ, ಕಟ್ಟಾಯಿತು.

ಈಗ ತುಂಡು ಅಂದರೆ ಸುಮ್ನೆ ಕೈಗೆ ಸಿಕ್ಕಿದ್ದಲ್ಲ. ಯಾವ ಜಾಗ ಹೊಲಿಯಬೇಕೋ ಅಷ್ಟೇ ಪದರ, ಅದೇ ಪಟ್ಟಿ, ಅದೇ ಸೊಲ್ಯೂಷನ್ ಹಚ್ಚಿ ಅಂಟಿಸಿದ್ದು. ಹತ್ತು ನಿಮಿಷ ಹಾಳು ಅಂತ ಸೇಠ್ ಗೊಣಗುತ್ತಾರೆ. ಗೊಣಗಲಿ. ಸ್ಕ್ರೂ ಎಷ್ಟಕ್ಕಿತ್ತು ಅಂತ ನೇಲ್ ಪಾಲಿಶ್‌ನಲ್ಲಿ ಗುರುತೂ ಹಾಕಿದ್ದೇನೆ.

ಆದರೆ ನನಗೆ ಇವತ್ತಿಗೂ ಉರಿಯುವುದು ಬೇರೆ ವಿಷಯಕ್ಕೆ. ಮಾರ್ಕ್ ಬರುತ್ತಿದ್ದದ್ದು ಹಲ್ಲಿನ ಫುಟ್‌ನಿಂದ. ಹಲ್ಲಿಲ್ಲದ ನುಣುಪು ಫುಟ್ ಅಂಗಡಿಯಲ್ಲಿ ಸಿಗುತ್ತದೆ, ಒಂದು ಬ್ಯಾಗಿನ ಚರ್ಮದಷ್ಟೂ ಬೆಲೆ ಇಲ್ಲ. ಅದನ್ನು ತರಿಸಿದ್ದರೆ ಯಾರೂ ಸ್ಕ್ರೂ ಮುಟ್ಟುತ್ತಲೇ ಇರಲಿಲ್ಲ. ಕೇಳಿ ಕೇಳಿ ಸಾಕಾಗಿ ಕಾಕಾನೇ ಒಂದು ಹಳೇ ಫುಟ್‌ನ ಹಲ್ಲನ್ನು ಗ್ರೈಂಡರ್‌ಗೆ ಹಿಡಿದು, ಎಮರಿ ಕಾಗದದಲ್ಲಿ ಉಜ್ಜಿ ನುಣುಪು ಮಾಡಿದರು. ಸರಿಯಾದ ಒತ್ತಡದಲ್ಲೂ ಅದು ನಾಪಾ ಮೇಲೆ ಹಲ್ಲಿನ ಅಚ್ಚು ಬಿಡುವುದಿಲ್ಲ. ಅದನ್ನು ನೋಡಿ ಸೇಠ್‌ಗೆ ಬಹಳ ಖುಷಿಯಾಯಿತು. ನುಣುಪು ಫುಟ್ ಬಂದೇಬಿಟ್ಟಿದೆಯಲ್ಲ, ಇನ್ನು ಕೊಳ್ಳುವುದು ಯಾಕೆ ಅಂದರು. ಮಷಿನ್ ಮೂರು, ಫುಟ್ ಒಂದು. ನಾಪಾ ಆರ್ಡರ್ ಬಂದಾಗ ಬೆಳಿಗ್ಗೆ ಯಾರು ಮೊದಲು ಬರುತ್ತಾರೋ ಅವರಿಗೆ.