485 ಲೈನಿಗೆ ಪವರ್ ಕೊಡೋ ಮುಂಚೆ ಮಲ್ಟಿಮೀಟರ್ ಇಟ್ಟು ನೋಡಿ

ಪೀಣ್ಯ ಕಡೆ ಪ್ಯಾನೆಲ್ ಕೆಲಸ ಮಾಡೋರಿಗೆ ಇದು ಗೊತ್ತಿರತ್ತೆ, ಪವರ್ ವೈರಿಂಗ್ ಅಂದ್ರೆ ಎಲ್ರೂ ಜೋಪಾನವಾಗಿ ಮಾಡ್ತಾರೆ, ಮೀಟರಿಂದ ಡೇಟಾ ತರೋ ಆರ್‌ಎಸ್-485 ಕಮ್ಯುನಿಕೇಶನ್ ಕೇಬಲ್ ಅಂದ ತಕ್ಷಣ ಎರಡೇ ವೈರ್ ತಾನೇ, ಕೊನೇಲಿ ನೋಡ್ಕೊಳೋಣ ಬಿಡಿ ಅಂತಾರೆ. ಆಮೇಲೆ ಸೈಟಲ್ಲಿ ಎನರ್ಜಿ ಮೀಟರ್ ಒಂದ್ಸಲ ರೀಡಿಂಗ್ ಕೊಡತ್ತೆ, ಇನ್ನೊಂದ್ಸಲ ಟೈಮ್‌ಔಟ್. ಪಿಎಲ್‌ಸಿ (ಮೆಷಿನ್ ನಡೆಸೋ ಕಂಟ್ರೋಲರ್) ಪ್ರೋಗ್ರಾಂ ಬರೆದ ಹುಡುಗ ಬಾಡ್ ರೇಟ್, ಅಂದ್ರೆ ಡೇಟಾ ಕಳಿಸೋ ವೇಗ, ಬದಲಾಯಿಸ್ತಾ ಕೂತಿರ್ತಾನೆ, ಪಾಪ, ತೊಂದ್ರೆ ಇರೋದು ಟರ್ಮಿನಲ್ ಬೋರ್ಡಲ್ಲಿ.

ಆರ್‌ಎಸ್-485 ಒಂದೇ ಸಾಲಲ್ಲಿ ಹೋಗ್ಬೇಕು. ಮೊದಲನೇ ಡಿವೈಸಿಗೆ ಬಂದು ಅದೇ ಟರ್ಮಿನಲಿಂದ ಮುಂದಿನದಕ್ಕೆ, ನಡುವೆ ಕವಲು ತೆಗೆಯೋ ಹಾಗಿಲ್ಲ. ಬರೋ ವೈರು ಹೋಗೋ ವೈರು ಎರಡನ್ನೂ ಸೇರಿಸಿ ಒಂದೇ ಟ್ವಿನ್ ಲಗ್ಗಲ್ಲಿ ಕ್ರಿಂಪ್ ಮಾಡಿ ಸ್ಕ್ರೂ ಬಿಗಿ ಮಾಡಿದ್ರೆ ಎಳೆದ್ರೂ ಬರಲ್ಲ. ಟರ್ಮಿನಲ್ ಹತ್ರ ಜೋಡಿಯ ಹುರಿ ಬಿಚ್ಚೋದು ಎಷ್ಟು ಕಮ್ಮಿಯೋ ಅಷ್ಟು ಒಳ್ಳೇದು, ಡ್ರೇನ್ ವೈರಿಗೆ (ಶೀಲ್ಡಿಗೆ ತಾಗಿಕೊಂಡಿರೋ ಬರೀ ವೈರ್) ಸ್ಲೀವ್ ಹಾಕಿ, ಶೀಲ್ಡನ್ನ, ಅಂದ್ರೆ ವೈರುಗಳ ಸುತ್ತ ಇರೋ ಲೋಹದ ಹೊದಿಕೆನ, ಒಂದೇ ತುದಿಯಲ್ಲಿ ಅರ್ಥ್ ಮಾಡಿ.

ಇನ್ನು ಟರ್ಮಿನೇಶನ್, ಅಂದ್ರೆ ಲೈನಿನ ತುದಿಗೆ ರೆಸಿಸ್ಟರ್ ಹಾಕೋದು, ಜಾಸ್ತಿ ಗಲಾಟೆ ಇಲ್ಲೇ. ಸಿಗ್ನಲ್ ಕೇಬಲ್ ತುದಿ ಮುಟ್ಟಿದಾಗ ಅಲ್ಲಿ ಅದನ್ನ ಹೀರ್ಕೊಳೋಕೆ ಏನೂ ಇಲ್ಲ ಅಂದ್ರೆ, ಗೋಡೆಗೆ ಹೊಡೆದ ಚೆಂಡಿನ ಹಾಗೆ ವಾಪಸ್ ಬರತ್ತೆ, ಬಂದು ಹಿಂದಿಂದ ಬರ್ತಿರೋ ಬಿಟ್ ಮೇಲೇ ಬೀಳತ್ತೆ. ಅದಕ್ಕೇ ಎರಡು ತುದಿಯಲ್ಲಿ 120 ಓಮ್, ಎರಡರಲ್ಲಿ ಮಾತ್ರ. ಈಗ ಬಹಳಷ್ಟು ಬೋರ್ಡಲ್ಲಿ ಈ ರೆಸಿಸ್ಟರ್ ಆನ್ ಮಾಡೋಕೆ ಪುಟ್ಟ ಡಿಪ್ ಸ್ವಿಚ್ಚೇ ಕೊಟ್ಟಿರ್ತಾರೆ, ಇದೆಯಲ್ಲ ಅಂತ ಎಲ್ಲಾದ್ರಲ್ಲೂ ಆನ್ ಮಾಡಿಬಿಡ್ತಾರೆ. ಎರಡಿದ್ರೆ ಲೈನಿಗೆ 60 ಓಮ್ ಲೋಡು, ಮೂರಾದ್ರೆ 40, ಐದಾದ್ರೆ 24. ಸ್ಟ್ಯಾಂಡರ್ಡ್ ಪ್ರಕಾರ ಡ್ರೈವರ್ (ಸಿಗ್ನಲ್ ಕಳಿಸೋ ಚಿಪ್) 54 ಓಮ್ ಲೋಡಿಗೆ ಕನಿಷ್ಠ 1.5 ವೋಲ್ಟ್ ಕೊಡ್ಬೇಕು, ಓಮ್ ಅದಕ್ಕಿಂತ ಕಮ್ಮಿ ಮಾಡಿ ಭಾರ ಹೇರಿದ್ರೆ ದೂರದ ಮೀಟರಿಗೆ ಏನು ತಲುಪತ್ತೆ ಹೇಳಿ. ಒಂದೇ ಪ್ಯಾನೆಲ್ ಒಳಗೆ 9600 ಬಾಡ್ ರೇಟಲ್ಲಿ ಎರಡು ಮೀಟರ್ ಉದ್ದ ಅಂದ್ರೆ ರೆಸಿಸ್ಟರ್ ಇಲ್ದೇನೂ ನಡೆಯತ್ತೆ, ಅದನ್ನ ನೋಡಿ ಶೆಡ್ ಆಚೆ ಕಡೆ ತನಕ ಹಾಗೇ ಎಳೀಬೇಡಿ.

ಪವರ್ ಕೊಡೋ ಮುಂಚೆ, ಎಲ್ಲಾ ಆಫ್ ಇರುವಾಗ, ಎ ಮತ್ತು ಬಿ, ಅಂದ್ರೆ ಆ ಎರಡು ಡೇಟಾ ವೈರುಗಳ ನಡುವೆ ಓಮ್ ನೋಡಿ. 60ರ ಆಸುಪಾಸು ಬಂತಾ, ಸರಿ. 120 ಬಂದ್ರೆ ಒಂದು ತುದಿ ಬಾಕಿ ಇದೆ, ಇಲ್ಲಾ ನಡುವೆ ಎಲ್ಲೋ ವೈರ್ ಕಟ್ಟು. 40 ಅಂದ್ರೆ ಯಾರೋ ಮಧ್ಯದ ಸ್ವಿಚ್ ಆನ್ ಮಾಡಿದ್ದಾರೆ. ಕೇಬಲ್ ಉದ್ದ ಇದ್ರೆ ಒಂದಿಷ್ಟು ಹೆಚ್ಚು ತೋರಿಸತ್ತೆ, ಪರವಾಗಿಲ್ಲ.

ಎ, ಬಿ ಅಕ್ಷರ ನಂಬಬೇಡಿ, ಸ್ಟ್ಯಾಂಡರ್ಡಲ್ಲಿ ಒಂದು ಥರ, ಎಷ್ಟೋ ಚಿಪ್ ಕಂಪನಿಗಳದ್ದು ಅದಕ್ಕೆ ಉಲ್ಟಾ, ಪ್ಲಸ್ ಮೈನಸ್ ಗುರುತಿದ್ರೆ ಅದನ್ನೇ ನೋಡಿ. ರಿಪ್ಲೈ ಬರ್ಲಿಲ್ಲ ಅಂದ್ರೆ ಎರಡು ವೈರನ್ನ ಅದಲು ಬದಲು ಮಾಡಿ, ಏನೂ ಸುಡಲ್ಲ. ಸುಡೋದು ಮೂರನೇ ವೈರ್, ಅಂದ್ರೆ ಕಾಮನ್, ಹಾಕದೇ ಬಿಟ್ಟಾಗ. ಎರಡು ಪ್ಯಾನೆಲಿನ ಗ್ರೌಂಡ್ ನಡುವೆ ವ್ಯತ್ಯಾಸ ಇರತ್ತೆ, ಸಾಮಾನ್ಯ ಚಿಪ್ ತಡ್ಕೊಳೋದು ಮೈನಸ್ 7ರಿಂದ ಪ್ಲಸ್ 12 ವೋಲ್ಟ್ ಅಷ್ಟೇ, ಅದಕ್ಕೆ ಕಾಮನ್ ವೈರ್ ಎಳೀಲೇಬೇಕು.

ಯಾವ ಎರಡು ಕಡೆ ರೆಸಿಸ್ಟರ್ ಆನ್ ಇದೆ ಅಂತ ಪ್ಯಾನೆಲ್ ಡ್ರಾಯಿಂಗಲ್ಲೂ ಬಾಗಿಲ ಒಳಗಡೆ ಸ್ಟಿಕ್ಕರಲ್ಲೂ ನಾನು ಬರೆದಿಡ್ತೀನಿ. ಸ್ವಲ್ಪ ದಿನಕ್ಕೆ ಯಾರಾದ್ರೂ ಕೊನೇ ಮೀಟರ್ ಆಚೆಗೆ ಇನ್ನೊಂದು ಸೇರಿಸೇ ಸೇರಿಸ್ತಾರೆ, ಆಗ ಹಳೇ ಸ್ವಿಚ್ ಆಫ್ ಮಾಡಿ ಹೊಸದ್ರಲ್ಲಿ ಆನ್ ಮಾಡ್ಬೇಕು ಅಂತ ಅವರಿಗೆ ಗೊತ್ತಾಗ್ಬೇಕಲ್ಲ.