ಸದ್ಯಕ್ಕೆ ಇದಾ?

ಕಾರು ಮನೆಗೆ ಬಂದು ಐದು ತಿಂಗಳಾಯಿತು. ಅವತ್ತಿನಿಂದ ಒಂದೇ ಪ್ರಶ್ನೆ. ಫೋನಿನಲ್ಲಿ, ಮೆಟ್ಟಿಲ ಮೇಲೆ, ಆಫೀಸಿನ ಲಿಫ್ಟಿನಲ್ಲಿ, ಕಡೆಗೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಮಲಗಿದ್ದಾಗಲೂ. "ಹೊಸ ಕಾರು ತಗೊಂಡ್ರಂತೆ? ಕೆಳಗೆ ನಿಂತಿರೋದಾ? ಓ... ಸದ್ಯಕ್ಕೆ ಇದಾ?"

ಡಾಕ್ಟರ ಕೈ ಬಾಯೊಳಗಿತ್ತು, ಅವರಿಗೆ ಉತ್ತರ ಕೊಡಲಾಗಲಿಲ್ಲ. ಮಿಕ್ಕವರಿಗೆಲ್ಲ ಕೊಟ್ಟೂ ಕೊಟ್ಟೂ ಸಾಕಾಗಿದೆ. ಇನ್ನು ಮುಂದೆ ಬಾಯಲ್ಲಿ ಹೇಳುವುದಿಲ್ಲ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ ಇಷ್ಟೇ: ಸದ್ಯಕ್ಕಲ್ಲ. ಬೇಕು ಅಂತಲೇ ಚಿಕ್ಕ ಕಾರು ತಗೊಂಡಿದ್ದೇನೆ. ಹತ್ತು ವರ್ಷ ಇಟ್ಟುಕೊಳ್ಳುತ್ತೇನೆ.

"ಯಾಕೆ ಚಿಕ್ಕದು?" ಅಂತ ನೇರವಾಗಿ ಕೇಳಿದ್ದರೆ ನನಗೆ ಬೇಜಾರಿರಲಿಲ್ಲ, ಕೂತು ಮಾತಾಡಬಹುದಿತ್ತು. ಆದರೆ "ಸದ್ಯಕ್ಕೆ" ಅನ್ನುವಾಗ ಅವರು ಏನೂ ಕೇಳುತ್ತಿಲ್ಲ, ಸಮಾಧಾನ ಮಾಡುತ್ತಿದ್ದಾರೆ. ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ಫೇಲಾದ ಹುಡುಗನ ಬೆನ್ನು ತಟ್ಟುವ ಹಾಗೆ. ನಾನು ಅಳುತ್ತಿಲ್ಲವಲ್ಲ! ಕೀಲಿ ಕೈಗೆ ಬಂದ ದಿನದಿಂದ ಇಷ್ಟು ಖುಷಿಯಾಗಿ ನಾನು ಓಡಾಡಿದ್ದೇ ಇಲ್ಲ.

ಈ ಪ್ರಶ್ನೆಗೊಬ್ಬ ತಮ್ಮನೂ ಇದ್ದಾನೆ: "ಇನ್ನೊಂದು ಸ್ವಲ್ಪ ಹಾಕಿದ್ರೆ ದೊಡ್ಡದೇ ಬರ್ತಿತ್ತಲ್ಲ." ಈ ಇನ್ನೊಂದು ಸ್ವಲ್ಪಕ್ಕೆ ಕೊನೆ ಎಲ್ಲಿ ಅಂತ ಯಾರಾದರೂ ಹೇಳಿ. ಆ ದೊಡ್ಡದರ ಮುಂದೆ ನಿಂತಾಗ ಅದಕ್ಕಿಂತ ದೊಡ್ಡದಕ್ಕೂ ಇನ್ನೊಂದು ಸ್ವಲ್ಪವೇ ಬಾಕಿ ಇರುತ್ತದೆ. ನಾನು ಮೂರು ವರ್ಷ ನನ್ನ ಭಾವನ ದೊಡ್ಡ ಕಾರು ಓಡಿಸಿದ್ದೇನೆ. ಒಳ್ಳೆಯ ಗಾಡಿ, ಅದರ ಬಗ್ಗೆ ಒಂದು ಮಾತು ಕೆಟ್ಟದಾಗಿ ಹೇಳುವುದಿಲ್ಲ. ಆದರೆ ಅದರ ಎಡಗಡೆಯ ಮುಂದಿನ ಮೂಲೆ ಎಲ್ಲಿ ಮುಗಿಯುತ್ತದೆ ಅನ್ನುವುದು ಮೂರು ವರ್ಷವೂ ನನಗೆ ಗೊತ್ತಾಗಲಿಲ್ಲ. ಪ್ರತಿ ತಿರುವಿನಲ್ಲೂ ಅಂದಾಜು. ಪ್ರತಿ ಪಾರ್ಕಿಂಗಿನಲ್ಲೂ ಯಾರಾದರೊಬ್ಬರು ಇಳಿದು "ಬಾ, ಬಾ, ಬಾ, ಸಾಕು" ಅನ್ನಬೇಕು. ನನ್ನ ಕಾರಿನ ಉದ್ದ ಮೂರೂವರೆ ಮೀಟರಿಗಿಂತ ಚೂರು ಹೆಚ್ಚು. ಅದರ ನಾಲ್ಕು ಮೂಲೆಗಳೂ ನನ್ನ ಮೊಣಕೈ ಇದ್ದ ಹಾಗೆ, ನೋಡದೆಯೇ ಗೊತ್ತು.

ಸಿಟ್ಟು ಬಂದಿದ್ದು ಯಾವಾಗ ಅಂದರೆ, ಕಾರು ಬಂದ ಮೂರನೇ ದಿನ. ದೂರದ ಸಂಬಂಧಿಕರೊಬ್ಬರು ಬಂದಿದ್ದರು, ವಯಸ್ಸಾದವರು, ಹೆಸರು ಬೇಡ. ಚಪ್ಪಲಿ ಮೆಟ್ಟಿಕೊಂಡು ಹೊರಟವರು ಕಾರಿನ ಸುತ್ತ ಒಂದು ಸುತ್ತು ಬಂದರು. ಬಂದವರೇ ಬಾನೆಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದರು, ತೆಂಗಿನಕಾಯಿ ಬಲಿತಿದೆಯಾ ಅಂತ ನೋಡುವವರ ಹಾಗೆ. "ತಗಡು ತೆಳು" ಅಂದರು. ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟು, "ಇರ್ಲಿ ಬಿಡು. ಸದ್ಯಕ್ಕೆ ಸಾಕು. ಕೈ ಪಳಗಿದ ಮೇಲೆ ಒಳ್ಳೇದು ತಗೋ."

ಒಳ್ಳೇದು. ಆ ಮಾತು ರಾತ್ರಿಯೆಲ್ಲ ತಲೆಯಲ್ಲಿ ಸುತ್ತಿತು. ಅವರೆದುರಿಗೆ ಹೇಳಲಾಗದ್ದನ್ನು ಈಗ ಹೇಳುತ್ತೇನೆ. ಬಾನೆಟ್ಟಿನ ತಗಡು ತೆಳುವಾಗಿಯೇ ಇರಬೇಕು. ಅಡ್ಡ ಬಂದವರ ತಲೆ ಬಡಿದರೆ ಅದು ಬಗ್ಗಬೇಕು, ಅದಕ್ಕಾಗಿಯೇ ಹಾಗೆ ಮಾಡುತ್ತಾರೆ. ಗುದ್ದನ್ನು ತಾಳಿಕೊಳ್ಳುವುದು ಒಳಗಿನ ಅಸ್ಥಿಪಂಜರ. ಮುಂಭಾಗ ನುಜ್ಜುಗುಜ್ಜಾಗಿ ಹೊಡೆತವನ್ನು ತಾನು ನುಂಗಬೇಕು, ಜನ ಕೂತಿರುವ ಗೂಡು ಗಟ್ಟಿಯಾಗಿ ನಿಲ್ಲಬೇಕು. ಗೆಣ್ಣಿನಿಂದ ಕುಟ್ಟಿದರೆ ಇದ್ಯಾವುದೂ ಕೇಳಿಸುವುದಿಲ್ಲ.

ಸುರಕ್ಷತೆಯ ಪ್ರಶ್ನೆ ಬಂದಿತಲ್ಲ, ಅದಕ್ಕೆ ಮಾತ್ರ ನನಗೆ ಸಿಟ್ಟಿಲ್ಲ. ಕೇಳಬೇಕಾದ ಪ್ರಶ್ನೆ ಅದು. ಹಗುರ ಗಾಡಿಗೂ ಭಾರದ ಗಾಡಿಗೂ ಮುಖಾಮುಖಿ ಡಿಕ್ಕಿಯಾದರೆ ಹಗುರದ್ದಕ್ಕೇ ಪೆಟ್ಟು ಜಾಸ್ತಿ. ಭಾರದ್ದು ಮುಂದಕ್ಕೆ ತಳ್ಳಿಕೊಂಡು ಬರುತ್ತದೆ, ಹಗುರದ್ದು ಅದೇ ಕ್ಷಣದಲ್ಲಿ ನಿಂತು ಹಿಂದಕ್ಕೂ ಎಸೆಯಲ್ಪಡುತ್ತದೆ. ಭೌತಶಾಸ್ತ್ರ ಯಾರ ಮುಲಾಜೂ ನೋಡುವುದಿಲ್ಲ. ಕ್ರ್ಯಾಶ್ ಟೆಸ್ಟಿನ ಸ್ಟಾರುಗಳನ್ನು ಕೂಡ ಹೆಚ್ಚುಕಡಿಮೆ ಅದೇ ತೂಕದ ಕಾರುಗಳ ಜೊತೆ ಹೋಲಿಸಬೇಕೇ ಹೊರತು ಎರಡು ಪಟ್ಟು ತೂಗುವ ಗಾಡಿಯ ಜೊತೆ ಅಲ್ಲ. ಇದನ್ನೆಲ್ಲ ತಿಳಿದುಕೊಂಡೇ ತಗೊಂಡೆ. ದೊಡ್ಡ ಸ್ಕ್ರೀನು, ಅಲಾಯ್ ಚಕ್ರ ಬಿಟ್ಟು ಆರು ಏರ್‌ಬ್ಯಾಗು, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡುವ ಎಬಿಎಸ್, ಗಾಡಿ ಜಾರಿ ದಿಕ್ಕು ತಪ್ಪದ ಹಾಗೆ ನೋಡುವ ಇಎಸ್‌ಸಿ ಇರುವ ಮಾಡೆಲ್ಲೇ ಬೇಕೆಂದು ಹಟ ಹಿಡಿದೆ. ಹಿಂದಿನ ಸೀಟಿನವರು ಬೆಲ್ಟು ಹಾಕುವ ತನಕ ಗಾಡಿ ಸ್ಟಾರ್ಟ್ ಮಾಡುವುದಿಲ್ಲ. ಇದಕ್ಕೆ ಮುನಿಸಿಕೊಂಡವರಿದ್ದಾರೆ, ಮುನಿಸಿಕೊಳ್ಳಲಿ.

ಚಿಕ್ಕ ಕಾರೆಂದರೆ ದೊಡ್ಡ ಕಾರು ಮಾಡಲಾಗದವರು ಮಾಡಿದ್ದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ತಿರುವುಮುರುವು. ಜಾಗ ಇದ್ದಾಗ ಯಾರು ಬೇಕಾದರೂ ಜೋಡಿಸುತ್ತಾರೆ. 1956ರಲ್ಲಿ ಸೂಯೆಜ್ ಕಾಲುವೆ ಬಂದಾಗಿ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಕಡಿಮೆ ಕುಡಿಯುವ, ಆದರೆ ನಾಲ್ಕು ಜನ ನೆಟ್ಟಗೆ ಕೂರುವ ಕಾರು ಬೇಕಾಯಿತು. ಅಲ್ಲಿನ ಕಾರು ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡಡ್ಡ ಮಲಗಿಸಿದರು, ಗೇರ್‌ಬಾಕ್ಸನ್ನು ಅದರ ಕೆಳಗೆ ಎಣ್ಣೆ ತೊಟ್ಟಿಯಲ್ಲೇ ಇಟ್ಟರು, ಹತ್ತು ಇಂಚಿನ ಪುಟ್ಟ ಚಕ್ರಗಳನ್ನು ನಾಲ್ಕು ತುದಿಗೆ ತಳ್ಳಿದರು. 1959ರಲ್ಲಿ ಬಂದ, ಮಿನಿ ಅನ್ನುವ ಆ ಕಾರಿನ ಉದ್ದ ಸುಮಾರು ಹತ್ತು ಅಡಿ. ಐದು ವರ್ಷ ಕಳೆಯುವಷ್ಟರಲ್ಲಿ, 1964ರಲ್ಲಿ, ಅದು ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು. ಅದೇ ವರ್ಷ ಇಟಲಿಯಲ್ಲಿ ಫಿಯೆಟ್ ಕಂಪನಿಯ ಎಂಜಿನಿಯರ್ ದಾಂತೆ ಜಿಯಕೋಸ ಇನ್ನೊಂದು ಹೆಜ್ಜೆ ಮುಂದೆ ಹೋದರು. ಆಟೊಬಿಯಾಂಕಿ ಪ್ರಿಮುಲಾ ಅನ್ನುವ ಕಾರಿನಲ್ಲಿ ಗೇರ್‌ಬಾಕ್ಸನ್ನು ಎಂಜಿನ್ನಿನ ಕೆಳಗಿಡದೆ ಪಕ್ಕಕ್ಕೆ, ಅದೇ ಸಾಲಿನಲ್ಲಿ ಜೋಡಿಸಿದರು. 1957ರ ಪುಟಾಣಿ ಫಿಯೆಟ್ 500 ಮಾಡಿದವರೂ ಇವರೇ. ನನ್ನ ಕಾರಿನ ಬಾನೆಟ್ ಎತ್ತಿ ನೋಡಿ, ಇವತ್ತಿಗೂ ಜಿಯಕೋಸರ ಜೋಡಣೆಯೇ ಇದೆ. ಅದರಿಂದಲೇ ಮೂಗು ಇಷ್ಟು ಗಿಡ್ಡ, ಒಳಗೆ ಕಾಲಿಗೆ ಅಷ್ಟು ಜಾಗ. "ಕೈ ಪಳಗುವ ತನಕ" ಓಡಿಸುವ ವಸ್ತುವಲ್ಲ ಇದು. ಪಳಗಿದ ಕೈಗಳು ಮಾಡಿದ ವಸ್ತು.

ಇಷ್ಟೆಲ್ಲ ವಾದ ಮಾಡಿದ ಮೇಲೂ ಮನಸ್ಸಿಗೆ ತೃಪ್ತಿಯಿಲ್ಲ. ನಾನು ಹೇಳಬೇಕೆಂದಿರುವುದು ಇದಲ್ಲವೇ ಅಲ್ಲ. ಐದು ತಿಂಗಳಲ್ಲಿ ಮೈಲೇಜ್ ಎಷ್ಟು ಅಂತ ಕೇಳಿದರು, ಬಣ್ಣ ಯಾಕೆ ಇದು ಅಂತ ಕೇಳಿದರು, ಡಿಕ್ಕಿಯಲ್ಲಿ ಎಷ್ಟು ಸೂಟ್‌ಕೇಸ್ ಹಿಡಿಯುತ್ತದೆ ಅಂತ ಕೇಳಿದರು. ಒಬ್ಬರೂ ಕೇಳಲಿಲ್ಲ: ಕಾರು ತಂದ ದಿನ ರಾತ್ರಿ ಏನು ಮಾಡಿದೆ?

ಏನು ಮಾಡಿದೆ ಅಂದರೆ, ನಿದ್ದೆ ಮಾಡಲಿಲ್ಲ. ಎಲ್ಲರೂ ಮಲಗಿದ ಮೇಲೆ ಕೆಳಗಿಳಿದು ಹೋಗಿ ಕಾರಿನೊಳಗೆ ಕೂತೆ. ಓಡೋಮೀಟರ್ ಹದಿನೇಳು ಕಿಲೋಮೀಟರ್ ತೋರಿಸುತ್ತಿತ್ತು. ಬಾಗಿಲು ಎಳೆದುಕೊಂಡಾಗ ಹೊರಗಿನ ಸದ್ದೆಲ್ಲ ಒಂದೇ ಸಲ ನಿಂತಿತು. ಹೊಸ ಕಾರಿನ ಆ ವಾಸನೆ! ಅದು ಹೊಸ ಪ್ಲಾಸ್ಟಿಕ್, ಗೋಂದು, ಸೀಟಿನ ಫೋಮ್ ಬಿಡುವ ಆವಿ, ಕಿಟಕಿ ತೆಗೆದು ಗಾಳಿಯಾಡಿಸುವುದು ಒಳ್ಳೆಯದು ಅಂತ ನನಗೂ ಗೊತ್ತು. ಅವತ್ತೊಂದು ರಾತ್ರಿ ತೆಗೆಯಲಿಲ್ಲ. ಮೇಲಿನ ಪುಟ್ಟ ದೀಪ ಹಾಕಿಕೊಂಡು ಕೈಪಿಡಿ ಓದಲು ಕೂತೆ. ಒಂದೊಂದೇ ಸ್ವಿಚ್ಚು ಒತ್ತಿ ನೋಡಿದೆ. ವೈಪರಿನ ಮೂರು ವೇಗ. ಸೀಟಿನ ಎತ್ತರ. ಸ್ಪೀಡೋಮೀಟರಿನ ಮೇಲೆ ಅಂಟಿಸಿದ್ದ ತೆಳು ಪಾರದರ್ಶಕ ಹಾಳೆಯ ಒಂದು ಮೂಲೆ ಎದ್ದಿತ್ತು. ಕಿತ್ತರೆ ಮುಗಿದೇ ಹೋಗುತ್ತದಲ್ಲ ಅಂತ ಅರ್ಧ ಗಂಟೆ ಹಾಗೇ ಬಿಟ್ಟೆ. ಆಮೇಲೆ ತಡೆಯಲಾಗದೆ ನಿಧಾನವಾಗಿ, ಗಾಯದ ಪಟ್ಟಿ ಬಿಡಿಸುವ ಹಾಗೆ, ಇಂಚಿಂಚೇ ಎಳೆದೆ. ಅಡಿಯಲ್ಲಿ ಒಂದು ಬೆರಳ ಗುರುತೂ ಇಲ್ಲದ ಗಾಜು.

ಮೊದಲ ಸಾವಿರ ಕಿಲೋಮೀಟರ್ ಎಂಜಿನ್ನನ್ನು ದಣಿಸಬೇಡಿ, ಒಂದೇ ವೇಗದಲ್ಲಿ ತುಂಬ ಹೊತ್ತು ಓಡಿಸಬೇಡಿ ಅಂತ ಬರೆದಿತ್ತು. ಸಿಲಿಂಡರಿನ ಒಳಗೋಡೆಯ ಮೇಲೆ ಸಣ್ಣ ಸಣ್ಣ ಗೀರುಗಳನ್ನು ಬೇಕೆಂದೇ ಬಿಟ್ಟಿರುತ್ತಾರೆ. ಪಿಸ್ಟನ್ನಿನ ಉಂಗುರಗಳು ಅವುಗಳ ತುದಿಗಳನ್ನು ಸವೆಸುತ್ತ ಸವೆಸುತ್ತ ಗೋಡೆಗೆ ಹೊಂದಿಕೊಳ್ಳಬೇಕು. ಹೊಸ ಟೈರಿಗೂ ಅಚ್ಚಿನಿಂದ ಬಂದ ನುಣುಪು ಹೋಗಬೇಕು, ಬ್ರೇಕ್ ಪ್ಯಾಡೂ ತಟ್ಟೆಗೆ ಕೂಡಿಕೊಳ್ಳಬೇಕು. ಓದುತ್ತ ಓದುತ್ತ ಎದೆ ಒಂಥರಾ ಆಯಿತು. ಕಾರ್ಖಾನೆಯಿಂದ ಬಂದರೂ ಈ ಕಾರು ಇನ್ನೂ ಪೂರ್ತಿ ಆಗಿಲ್ಲ, ಮಿಕ್ಕಿದ್ದು ಆಗುವುದು ನನ್ನ ಕೈಯಲ್ಲಿ, ನನ್ನ ಕಾಲಡಿ.

ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಯಾರಿಗೂ ಹೇಳದೆ ಹೊರಟೆ.

ಗೇಟಿನಲ್ಲೇ ಒಮ್ಮೆ ಆಫ್ ಆಯಿತು. ಭಾವನ ಕಾರಿನ ಕ್ಲಚ್ಚು ಕೆಳಗೆ ಹಿಡಿಯುತ್ತಿತ್ತು, ಇದರದ್ದು ಮೇಲೆ ಹಿಡಿಯುತ್ತದೆ. ಎರಡನೇ ಸಲ ಪಾದವನ್ನು ಹಾಗೇ ಮೆಲ್ಲಗೆ ಬಿಡುತ್ತ ಬಂದೆ. ಒಂದು ಕಡೆ ಎಂಜಿನ್ನಿನ ದನಿ ಚೂರು ಕುಗ್ಗಿತು, ಮೂಗು ಕೂದಲೆಳೆಯಷ್ಟು ಎದ್ದಿತು. ಅಲ್ಲಿ! ಆ ಜಾಗ ಈಗ ನನ್ನ ಎಡಗಾಲಿಗೆ ಬಾಯಿಪಾಠ. ಮೂರು ಸಿಲಿಂಡರಿನ ಎಂಜಿನ್ ಇದು. ನಾಲ್ಕು ಸಿಲಿಂಡರಿನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡ, 180 ಡಿಗ್ರಿ ತಿರುಗಿದಾಗೊಮ್ಮೆ ಒಂದು ಸಿಡಿತ, ಇದರಲ್ಲಿ 240 ಡಿಗ್ರಿಗೊಮ್ಮೆ. ಜೊತೆಗೆ ಎರಡು ತುದಿಯ ಪಿಸ್ಟನ್ನುಗಳು ಎಂಜಿನ್ನನ್ನು ಏತದ ಹಾಗೆ ತೂಗುತ್ತವೆ. ಅದಕ್ಕೇ ನಿಂತಲ್ಲಿ ಸಣ್ಣಗೆ ನಡುಗುತ್ತದೆ. ಒಳಗಿನ ಕನ್ನಡಿಯಲ್ಲಿ ಹಿಂದಿನ ಬೀದಿದೀಪ ನೀರಿನಲ್ಲಿ ಕಂಡ ಹಾಗೆ ಅಲುಗುತ್ತಿತ್ತು. ಆಕ್ಸಿಲರೇಟರ್ ಒಂದಿಷ್ಟು ಒತ್ತಿದೆ, ದೀಪ ಥಟ್ಟನೆ ನಿಂತಿತು. ಈ ನಡುಕವನ್ನು ಜನ ದೋಷ ಅನ್ನುತ್ತಾರೆ. ನನಗೆ ಅದು ಇಷ್ಟ. ಓಟ ಶುರುವಾಗುವ ಮುಂಚೆ ಓಟಗಾರರ ಮೀನಖಂಡ ಅದುರುವುದನ್ನು ನೋಡಿದ್ದೀರಾ? ಹಾಗೆ.

ರಸ್ತೆಯಲ್ಲಿ ಒಂದು ನರಪಿಳ್ಳೆಯಿಲ್ಲ. ಎರಡನೇ ಗೇರು, ಮೂರನೇ ಗೇರು. ದೊಡ್ಡ ಕಾರಿನಲ್ಲಿ ಐವತ್ತರಲ್ಲಿ ಹೋಗುವಾಗ ಸೋಫಾದ ಮೇಲೆ ಕೂತ ಹಾಗಿರುತ್ತಿತ್ತು. ಇದರಲ್ಲಿ ಐವತ್ತು ಅಂದರೆ ಐವತ್ತೇ. ನೆಲ ಹತ್ತಿರ, ಗಾಳಿ ಹತ್ತಿರ, ಡಾಂಬರು ಒರಟಾದಾಗ ಸ್ಟೀರಿಂಗು ಅಂಗೈಗೆ ಬಂದು ಹೇಳುತ್ತದೆ. ಅತಿವೇಗ ಮಾಡುವ ಅಗತ್ಯವೇ ಬೀಳುವುದಿಲ್ಲ, ಇರುವ ವೇಗದಲ್ಲೇ ಅಷ್ಟು ಸುದ್ದಿ ಇರುತ್ತದೆ.

ಮುಂದೆ ಒಂದು ಸರ್ಕಲ್. ನೇರ ಹೋಗಬೇಕಿತ್ತು, ಹೋಗಲಿಲ್ಲ, ಒಂದು ಪೂರ್ತಿ ಸುತ್ತು ಹಾಕಿದೆ. ಮೂವತ್ತು ಕಿಲೋಮೀಟರ್ ವೇಗ, ಅಷ್ಟೇ. ಎಂಟುನೂರು ಚಿಲ್ಲರೆ ಕೆಜಿಯ ಗಾಡಿ, ತಿರುಗು ಅಂದರೆ ತಿರುಗುತ್ತದೆ, ಯೋಚನೆ ಮಾಡಿ ತಿರುಗುವುದಿಲ್ಲ. ಇನ್ನೊಂದು ಸುತ್ತು. ಹೊರಗಡೆಯ ಟೈರುಗಳ ಮೇಲೆ ಭಾರ ಮೆಲ್ಲಗೆ ಒರಗುವುದು ಸೊಂಟಕ್ಕೇ ಗೊತ್ತಾಗುತ್ತಿತ್ತು. ಮೂರನೇ ಸುತ್ತು. ಸರ್ಕಲ್ಲಿನ ನಡುವೆ ಮಲಗಿದ್ದ ನಾಯಿ ತಲೆಯೆತ್ತಿ ನೋಡಿತು. ನಾಲ್ಕನೇ ಸುತ್ತಿಗೆ ಅದು ಮತ್ತೆ ಮಲಗಿತು, ನಾನು ಜೋರಾಗಿ ನಗುತ್ತಿದ್ದೆ. ಕಾರಿನಲ್ಲಿ ಒಬ್ಬರೇ ಇದ್ದಾಗ ಕೊನೆಯ ಸಲ ಹಾಗೆ ನಕ್ಕಿದ್ದು ಯಾವಾಗ ಅಂತ ಯಾರಾದರೂ ಕೇಳಿದ್ದರೆ ಇದನ್ನೆಲ್ಲ ಹೇಳುತ್ತಿದ್ದೆ.

ವಾಪಸು ಬಂದು ನಿಲ್ಲಿಸಿದಾಗ ಐವತ್ತೆಂಟು ಕಿಲೋಮೀಟರ್ ಆಗಿತ್ತು, ಬೆಳಕು ಹರಿದಿತ್ತು. ಎಂಜಿನ್ ಆಫ್ ಮಾಡಿ ಇಳಿದೆ, ಒಳಗೆ ಹೋಗಲು ಮನಸ್ಸಾಗಲಿಲ್ಲ. ಸೈಲೆನ್ಸರಿನ ಕೊಳವೆ ತಣ್ಣಗಾಗುತ್ತ ಟಿಕ್, ಟಿಕ್ ಅನ್ನುತ್ತಿತ್ತು. ಆ ಸದ್ದು ನಿಲ್ಲುವ ತನಕ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಿದ್ದೆ.

ಈಗ ನಾಲ್ಕು ಸಾವಿರ ದಾಟಿದೆ. ಉಂಗುರಗಳು ಹೊಂದಿಕೊಂಡಿವೆ, ದನಿ ಮೃದುವಾಗಿದೆ. ಎಡಬಾಗಿಲಿನ ಕೆಳಗೆ ಒಂದು ಗೀರೂ ಬಿದ್ದಿದೆ, ಅದರ ದುಃಖ ಇನ್ನೂ ಆರಿಲ್ಲ, ಅದನ್ನು ಬರೆಯಲಾರೆ. ವಾರಕ್ಕೊಮ್ಮೆ ಬೆಳಗಿನ ಜಾವ ಆ ಸರ್ಕಲ್ಲಿಗೆ ಈಗಲೂ ಹೋಗುತ್ತೇನೆ. "ಸದ್ಯಕ್ಕೆ ಇದಾ?" ಅಂತ ಇನ್ನೂ ಕೇಳಬೇಕು ಅನ್ನಿಸಿದವರು ಒಂದು ದಿನ ನಾಲ್ಕೂವರೆಗೆ ಗೇಟಿನ ಹತ್ತಿರ ಬನ್ನಿ. ಎಡಗಡೆ ಸೀಟು ಖಾಲಿ ಇದೆ. ಹಿಂದಕ್ಕೆ ಸರಿಸಿಕೊಳ್ಳಿ, ಕಾಲಿಗೆ ಬೇಕಾದಷ್ಟು ಜಾಗ. ಬೆಲ್ಟು ಮಾತ್ರ ಹಾಕಿಕೊಳ್ಳಬೇಕು.